ಕೆಂಪು ನೀರಿನ ಬಾಟಲಿ

"ಎಲ್ಲಿಗೆ ಹೋದ್ರಿ ಎಲ್ಲಾರೂ?"

ಹಾಲೇಶಪ್ಪ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ವಿದ್ಯಾನಗರದ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಿಂದ ಹುಡುಗರೆಲ್ಲ ಊಟಕ್ಕೆ ಹೋಗಿದ್ದರು. ಕಿಟಕಿಯಾಚೆ ಆಷಾಢದ ಮೋಡ ತಗ್ಗಿಗೆ ಬಂದು ನಿಂತಿತ್ತು. ಅವನ ಕಣ್ಣು ಸೂಕ್ಷ್ಮದರ್ಶಕದ ಮೇಲಿತ್ತು, ಅದರ ಕೆಳಗೆ ಆ ದಿನ ಬೆಳಿಗ್ಗೆ ಹರಿಹರದ ಹೊಳೆಯಿಂದ ತಂದ ಒಂದು ತೊಟ್ಟು ನೀರು.

ಬೇರೆ ದಿನವಾಗಿದ್ದರೆ ಆ ತೊಟ್ಟಿನಲ್ಲಿ ಸಂತೆ ನೆರೆದಿರಬೇಕಿತ್ತು. ತಲೆಯ ಮೇಲಿನ ಕೂದಲ ಚಕ್ರವನ್ನು ಗಿರಗಿರ ತಿರುಗಿಸುವ ಚಕ್ರಜೀವಿಗಳು, ಎದೆಯೊಳಗಿನ ಗುಂಡಿಗೆ ಬಡಿಯುವುದು ಹೊರಗೇ ಕಾಣುವ ನೀರುಚಿಗಟಗಳು, ಹಸಿರು ಮಣಿ ಪೋಣಿಸಿದಂಥ ಪಾಚಿಗಳು. ಪುಸ್ತಕದವರು ಇವನ್ನೆಲ್ಲ ಸೇರಿಸಿ ಪ್ಲವಕ ಎನ್ನುತ್ತಾರೆ. ಹರಿವಿಗೆ ಎದುರಾಗಿ ಈಜುವ ಶಕ್ತಿಯಿಲ್ಲದೆ, ನೀರು ಒಯ್ದತ್ತ ಒಯ್ಯಿಸಿಕೊಳ್ಳುವ ಜೀವಗಳು. ಹುಟ್ಟಿದ ಮೀನಿನ ಮರಿಗೆ ಮೊದಲ ತುತ್ತು ಅವೇ. ಇವತ್ತು ಅಲ್ಲಿದ್ದದ್ದು ಮಣ್ಣಿನ ಕಣ, ಒಂದಿಷ್ಟು ಬೂದಿಯಂಥ ಪುಡಿ ಮತ್ತು ಒಡೆಯನಿಲ್ಲದ ಚಿಪ್ಪುಗಳು. ಹಾಲೇಶಪ್ಪ ಇನ್ನೊಂದು ತೊಟ್ಟು ಹಾಕಿ ನೋಡಿದ. ಮತ್ತೊಂದು. ಎಲ್ಲದರಲ್ಲೂ ಅದೇ ಚಿಪ್ಪು.

ಈ ಹುಚ್ಚು ಅವನಿಗೆ ಹತ್ತಿದ್ದು ಸಮುದ್ರದ ದಂಡೆಯಲ್ಲಿ. ಓದುವ ಕಾಲಕ್ಕೆ ಕರಾವಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಕಲಿಯುತ್ತಿದ್ದ. ಅಲ್ಲೊಬ್ಬರು ಮುದುಕ ವಿಜ್ಞಾನಿ, ವಾರಕ್ಕೊಮ್ಮೆ ಅದೇ ದೋಣಿ, ಅದೇ ಜಾಗ, ಅದೇ ರೇಷ್ಮೆ ಬಲೆ ಎಂದು ವ್ರತ ಹಿಡಿದವರಂತೆ ಸಮುದ್ರದ ಪ್ಲವಕ ಹಿಡಿದು ಬಾಟಲಿಯಲ್ಲಿ ಇಡುತ್ತಿದ್ದರು. ಮೀನು ಹಿಡಿಯುವ ಮೊಗವೀರರು ಅವರ ಬಾಗಿಲಿಗೆ ಬಂದು, "ಈ ವರ್ಷ ಬೂತಾಯಿ ಮೀನು ಯಾವಾಗ ಬರ್ತದೆ ಸ್ವಾಮಿ?" ಎಂದು ಕೇಳುತ್ತಿದ್ದರು. ಮುದುಕರು ಹಿಂದಿನ ವರ್ಷಗಳ ಸಾಲನ್ನೆಲ್ಲ ನೋಡಿ, "ತಡ ಆಗ್ತದೆ. ಮರಿಗಳಿನ್ನೂ ಸಣ್ಣವು, ಸಣ್ಣ ಕಣ್ಣಿನ ಬಲೆ ಇಳಿಸಬೇಡಿ," ಎನ್ನುತ್ತಿದ್ದರು. ಅವರ ಮಾತಿಗೆ ಇಡೀ ದಂಡೆಯ ಬಲೆಗಳು ಮಡಿಚಿಕೊಂಡು ಕೂತದ್ದನ್ನು ಹಾಲೇಶಪ್ಪ ಕಣ್ಣಾರೆ ನೋಡಿದ್ದ. ಬಿಟ್ಟು ಬರುವ ದಿನ ಅವರು ಹೇಳಿದ್ದಿಷ್ಟೆ: "ಒಂದು ಬಾಟಲಿ ಏನೂ ಹೇಳುವುದಿಲ್ಲ ಮಾರಾಯ. ಸಾಲು ಹೇಳ್ತದೆ. ಸಾಲು ಮುರೀಬೇಡ."

ದಾವಣಗೆರೆಗೆ ಬಂದು ಮೇಷ್ಟ್ರಾದ. ಇಲ್ಲಿ ಸಮುದ್ರವಿಲ್ಲ, ಬಸ್ಸು ಹತ್ತಿದರೆ ಹರಿಹರದಲ್ಲಿ ತುಂಗಭದ್ರೆ ಇದ್ದಳು. ಮದುವೆಯಾಗದೆ ಉಳಿದ ಮನುಷ್ಯ, ಮನೆಯಲ್ಲಿ ತಾಯಿ ಪುಟ್ಟಕ್ಕ ಒಬ್ಬಳೇ. ಪ್ರತಿ ಸೋಮವಾರ ನಸುಕಿನಲ್ಲಿ ಸ್ನಾನ, ಪೂಜೆ ಮುಗಿಸಿ ಹೊರಡುತ್ತಿದ್ದ. ಹಳೇ ಸೇತುವೆಯ ಕೆಳಗೆ ಮೀನುಗಾರ ಬುಡನ್ ಸಾಬ್ ಹರಿಗೋಲು ಹಿಡಿದು ನಿಂತಿರುತ್ತಿದ್ದ. ನಡುಹೊಳೆಗೆ ಹೋಗಿ ಬಲೆ ಎಳೆದು, ಅರ್ಧವನ್ನು ಕೆಡದಂತೆ ಔಷಧಿ ಹಾಕಿ ಬಾಟಲಿಯಲ್ಲಿ ಮುಚ್ಚಿ, ಅರ್ಧವನ್ನು ಜೀವಂತ ತಂದು ನೋಡುವುದು. ಹದಿನಾಲ್ಕು ವರ್ಷದಲ್ಲಿ ಪ್ರಯೋಗಾಲಯದ ಹಿಂದಿನ ಗೋಡೆಯ ಕಪಾಟುಗಳೆಲ್ಲ ತುಂಬಿದ್ದವು. ಒಂದೊಂದು ವರ್ಷಕ್ಕೂ ಒಂದೊಂದು ಸಾಲು.

ಆದರೆ ಒಂದೊಂದು ಸಾಲಿನಲ್ಲೂ ಒಂದು ಹಲ್ಲು ಬಿದ್ದಿತ್ತು. ಮುಂಗಾರಿನ ಹೊಸ ನೀರು ಬರುವ ವಾರದ ಜಾಗ ಖಾಲಿ. ಅಲ್ಲಿ ಹಾಲೇಶಪ್ಪ ಒಂದು ಚೀಟಿ ಮಾತ್ರ ಅಂಟಿಸಿರುತ್ತಿದ್ದ: ಪ್ರವಾಹ, ಮಾದರಿ ಇಲ್ಲ.

ಪ್ರವಾಹವೇನೂ ಇರುತ್ತಿರಲಿಲ್ಲ. ಮಲೆನಾಡಿನ ಮೊದಲ ಮಳೆಯ ಮಣ್ಣು ಕರಗಿ ಹೊಳೆ ಕೆಂಪಗೆ ಬರುತ್ತಿತ್ತು, ಅಷ್ಟೆ. ಹಾಲೇಶಪ್ಪನ ಮನೆತನ ಮೊದಲು ಹೊಳೆಯ ದಂಡೆಯದು. ಕೆಂಪು ನೀರು ಬಂದರೆ ಹೊಳೆಯವ್ವ ಹೊರಗೆ ಕೂತಿದ್ದಾಳೆ ಎಂದು ಅರ್ಥ. ನೀರು ತಿಳಿಯಾಗಿ, ಹೆಣ್ಣುಮಕ್ಕಳು ಹೋಗಿ ಅರಿಸಿನ ಕುಂಕುಮ ಇಟ್ಟು ಬರುವ ತನಕ ಆ ಮನೆಯವರು ಹೊಳೆಯನ್ನು ಮುಟ್ಟುತ್ತಿರಲಿಲ್ಲ. ಮೀನು ಹಿಡಿಯುವವರದ್ದೂ ಇಂಥದೇ ಕಟ್ಟಳೆ. ಹೊಸ ನೀರಿಗೆ ಬಸುರಿ ಮೀನುಗಳು ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತವೆ, ಆಗ ಬಲೆ ಬೀಸಬಾರದು. ಹೀಗೆ ವರ್ಷದಲ್ಲಿ ಆ ಒಂದು ವಾರ ಹೊಳೆಯ ಮೇಲೆ ನರಪಿಳ್ಳೆಯೂ ಇರುತ್ತಿರಲಿಲ್ಲ.

ಅದು ಕಾರ್ಖಾನೆಗೂ ಗೊತ್ತಿತ್ತು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು, ಹೊಳೆಯ ಮೇಲ್ಭಾಗದಲ್ಲಿ ಐದಾರು ವರ್ಷದ ಹಿಂದೆ ಬಂದದ್ದು. ವರ್ಷವೆಲ್ಲ ತನ್ನ ಕೊಳೆಯನ್ನು ಹೊಂಡದಲ್ಲಿ ಹಿಡಿದಿಟ್ಟುಕೊಂಡು, ಕೆಂಪು ನೀರು ಬಂದ ದಿನ ತೂಬು ಎತ್ತುತ್ತಿತ್ತು. ಯಾವ ಬಣ್ಣ ಬಿಟ್ಟರೂ ಕೆಂಪಿನಲ್ಲಿ ಮುಳುಗಿ ಹೋಗುತ್ತಿತ್ತು. ಆಮೇಲೆ ದಂಡೆಗೆ ಸತ್ತ ಮೀನು ಬರುತ್ತಿತ್ತು. ಕಾರ್ಖಾನೆಯವರು, ಹೊಸ ನೀರಿನ ಮಣ್ಣಿಗೆ ಉಸಿರು ಕಟ್ಟಿ ಸತ್ತಿವೆ ಎನ್ನುತ್ತಿದ್ದರು.

ಮೀನುಗಾರರು ಅರ್ಜಿ ಕೊಟ್ಟು ಕೊಟ್ಟು ಈ ಸಲ ಸರ್ಕಾರ ಒಂದು ಸಮಿತಿ ಮಾಡಿತ್ತು. ಮಳೆಗಾಲ ಪೂರ್ತಿ ತೂಬಿಗೆ ಬೀಗ ಹಾಕಬೇಕೋ ಬೇಡವೋ ಎಂಬುದನ್ನು ಸಮಿತಿ ಹೇಳಬೇಕು. ಹೊಳೆಯ ಬಗ್ಗೆ ಇಷ್ಟು ವರ್ಷದ ಲೆಕ್ಕ ಇಟ್ಟವನು ಹಾಲೇಶಪ್ಪ ಒಬ್ಬನೇ ಎಂದು ಅವನಿಗೂ ಕರೆ ಬಂತು. ಅವನು ಎದೆಯುಬ್ಬಿಸಿ ಒಪ್ಪಿಕೊಂಡ. ಒಪ್ಪಿಕೊಂಡು ಕಪಾಟಿನ ಮುಂದೆ ನಿಂತಾಗ ಖಾಲಿ ಜಾಗಗಳು ಕಂಡವು. ಪ್ರತಿ ವರ್ಷವೂ ಕಾಣುತ್ತಿದ್ದಂಥವೇ ಅವು. ಅವು ಏನನ್ನು ಬಿಟ್ಟುಕೊಟ್ಟಿವೆ ಎಂಬುದು ಕಂಡದ್ದು ಅವತ್ತೇ.

ಹೀಗಾಗಿ ಆ ಸೋಮವಾರ ಕೆಂಪು ನೀರು ಬಂದಿದೆ ಎಂದು ತಿಳಿದೂ ಅವನು ಬಲೆ ಎತ್ತಿಕೊಂಡಿದ್ದ.

ಪುಟ್ಟಕ್ಕ ಹಣೆತುಂಬ ವಿಭೂತಿ ಧರಿಸಿ ಗೋಡೆಗೊರಗಿ ವಚನ ಹೇಳಿಕೊಳ್ಳುತ್ತಿದ್ದಳು. ಅಕ್ಷರ ಬಾರದ ಹೆಂಗಸು. ಕೇಳಿ ಕೇಳಿಯೇ ಒಂದು ಮಠಕ್ಕಾಗುವಷ್ಟು ಬಾಯಲ್ಲಿತ್ತು. ಮಗನ ಹೆಗಲ ಬಲೆ ನೋಡಿ ನಿಲ್ಲಿಸಿದಳು.

"ಎಲ್ಲಿಗೋ?"

"ಹೊಳಿಗೆ, ಅವ್ವ."

"ಕೆಂಪು ನೀರು ಬಂದೈತಂತಲ್ಲ."

"ಹೂಂ."

"ಹೆಣ್ಮಗಳು ಹೊರಗೆ ಕೂತಾಗ ಗಂಡಸು ಹೋಗಿ ಇಣುಕ್ತಾನೇನೋ?"

"ಮೀನು ಸಾಯ್ತಾವವ್ವ. ನೋಡೋರು ಬೇಕು."

"ಇಷ್ಟು ವರ್ಷನೂ ಸತ್ವಲ್ಲ. ಆವಾಗ ನಿನ್ನ ಕಣ್ಣಿಗೇನಾಗಿತ್ತು?"

ಹಾಲೇಶಪ್ಪ ಬಾಗಿಲಿಗೆ ನಡೆದ. ಕಣ್ಣಿಗೇನಾಗಿತ್ತು ಎಂದು ಅವಳೇ ಬಲ್ಲಳು, ಆದರೂ ಕೇಳುತ್ತಾಳೆ. ಚಪ್ಪಲಿ ಮೆಟ್ಟಿ ಅಂಗಳ ಇಳಿಯುವಾಗ ಹಿಂದಿನಿಂದ ದನಿ ಕೇಳಿಸಿತು. ಯಾವ ಪದಕ್ಕೆ ನಿಲ್ಲಿಸಿದ್ದಳೋ ಆ ಪದದಿಂದಲೇ ವಚನ ಮುಂದುವರಿಸಿದ್ದಳು.

ಸೇತುವೆಯ ಕೆಳಗೆ ಬುಡನ್ ಸಾಬ್ ಬೀಡಿ ಹಚ್ಚಿಕೊಂಡು ಕೂತಿದ್ದ. ಹರಿಗೋಲು ಬೋರಲು ಬಿದ್ದಿತ್ತು. ಇವನನ್ನು ಕಂಡು ಬೀಡಿ ಬಾಯಲ್ಲೇ ಇಟ್ಟುಕೊಂಡು ಎದ್ದು ನಿಂತ.

"ಏನ್ ಮೇಷ್ಟ್ರೆ, ದಾರಿ ತಪ್ಪಿ ಬಂದ್ರಾ? ಇವತ್ತು ನಿಮಗೆ ರಜೆ ಅಲ್ವಾ?"

"ಹೊಳೆ ಮೇಲೆ ಹೋಗೋಣ, ಬುಡನ್ ಸಾಬ್."

"ಅಮ್ಮಾರು ಒಪ್ಪಿದ್ರಾ?"

"ಇಲ್ಲ."

ಬುಡನ್ ಸಾಬ್ ಬೀಡಿ ತೆಗೆದು ಎಸೆದ. "ಮೊದಲೆಲ್ಲ ನಾನೇ ಕರೀತಿದ್ದೆ. ನೀರು ಅಷ್ಟೇನಿಲ್ಲ, ಬರ್ರಿ ಅಂತ. ನೀವು ಮುಖ ತಿರುವಿಕೊಂಡು ಹೋಗ್ತಿದ್ರಿ," ಎಂದು ಹರಿಗೋಲನ್ನು ಮಗುಚಿದ.

ನಡುಹೊಳೆಗೆ ಹೋಗುವ ಮೊದಲೇ ವಾಸನೆ ಬಂತು. ಮಣ್ಣಿನ ವಾಸನೆಯಲ್ಲ, ಸುಟ್ಟ ರಬ್ಬರನ್ನು ಉಪ್ಪಿನಲ್ಲಿ ನೆನೆಹಾಕಿದ ಹಾಗೆ. ಆಮೇಲೆ ಮೀನುಗಳು ಬಂದವು. ಮೊಳದುದ್ದದ ಬಾಳೆಮೀನು, ಕೆಂಡೆ, ಹೆಸರು ಗೊತ್ತಿಲ್ಲದ ಸಣ್ಣವು. ಹೊಟ್ಟೆ ಮೇಲೆ ಮಾಡಿ, ಕೆಂಪು ನೀರಿನಲ್ಲಿ ನಿಧಾನ ಸುತ್ತುತ್ತ, ಹರಿಗೋಲಿಗೆ ಮೆಲ್ಲಗೆ ತಾಗಿ ದಾಟಿ ಹೋಗುತ್ತಿದ್ದವು. ಒಂದೊಂದರ ಹೊಟ್ಟೆಯೂ ಬಿರಿಯುವಷ್ಟು ಉಬ್ಬಿತ್ತು. ಬುಡನ್ ಸಾಬ್ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದ. ಜೋಳದ ಗಂಜಿಯಂತೆ ಮೊಟ್ಟೆ ಹೊರಗೆ ಬಂತು.

"ಇಡಾಕ ಬಂದಿದ್ಲು ಪಾಪ," ಎಂದು ಅದನ್ನು ನೀರಿಗೆ ಎಸೆಯದೆ ಮೆಲ್ಲಗೆ ಇಳಿಬಿಟ್ಟ.

ಹಾಲೇಶಪ್ಪ ಬಲೆ ಎಳೆದ. ಯಾವಾಗಿನಂತೆ, ಯಾವಾಗಿನಷ್ಟೇ ಹೊತ್ತು ಎಳೆದ. ಬಾಟಲಿ ಮುಚ್ಚುವಾಗ ಅವನಿಗೆ ತಾಯಿಯ ಮಾತು ನೆನಪಾಯಿತು. ಹೊರಗೆ ಕೂತವಳ ಕಡೆಗೆ ಊರೆಲ್ಲ ಬೆನ್ನು ತಿರುಗಿಸಿತ್ತು. ಅದೇ ಹೊತ್ತು ನೋಡಿ ಒಬ್ಬ ಬಂದು ಅವಳ ಬಾಯಿಗೆ ವಿಷ ಹಾಕುತ್ತಿದ್ದ.

ದಂಡೆಗೆ ಬಂದಾಗ ಬುಡನ್ ಸಾಬನ ಹೆಂಡತಿ ಹಜೀರಾಬೀ ಖಾಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಹರಿಹರದ ಮೀನು ಮಾರುಕಟ್ಟೆಯಲ್ಲಿ ಅವಳ ಬಾಯಿಗೆ ಎದುರಿಲ್ಲ ಎಂದು ಹೆಸರಿತ್ತು. ಇವತ್ತು ದನಿ ತಗ್ಗಿಸಿ ಮಾತಾಡಿದಳು.

"ನನ್ನ ಇಬ್ಬರು ಗಂಡುಮಕ್ಕಳೂ ದಾವಣಗೆರೆ ಮಂಡಿಯಾಗೆ ಚೀಲ ಹೊರ್ತಾವೆ ಮೇಷ್ಟ್ರೆ. ಹೊಳಿ ನಂಬಿಕೊಂಡು ಉಳಿದೋನು ಈ ಮುದುಕ ಒಬ್ಬನೇ. ಸಮಿತಿಯೋರು ನಿಮ್ಮ ಮಾತು ಕೇಳ್ತಾರಂತೆ. ಹೇಳ್ತೀರಲ್ಲ?"

"ಹೇಳ್ತೀನಿ, ಹಜೀರಾಬೀ."

ಅದನ್ನು ಹೇಳಿ ಬಂದವನು ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕೂತು ಖಾಲಿ ಚಿಪ್ಪುಗಳನ್ನು ಪ್ರಶ್ನೆ ಕೇಳಿದ್ದ. ಆಮೇಲೆ ಬಾಟಲಿಯನ್ನು ಈ ವರ್ಷದ ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಸಾಲಿನಲ್ಲಿ ಆ ವಾರದ ಜಾಗ ತುಂಬಿತು.

ಮುಂದಿನ ವಾರ ಹರಿಹರದ ಪ್ರವಾಸಿ ಮಂದಿರದಲ್ಲಿ ಸಮಿತಿ ಕೂತಿತು. ಅಧ್ಯಕ್ಷರು ನಿವೃತ್ತ ಅಧಿಕಾರಿ, ಸಾವಧಾನದ ಮನುಷ್ಯ. ಕಾರ್ಖಾನೆಯ ಪರವಾಗಿ ದೂರದ ಊರಿನಿಂದ ಒಬ್ಬ ತಜ್ಞರು ಬಂದಿದ್ದರು, ಬಿಳಿ ಕೂದಲು, ಮೆಲುದನಿ. ಹಿಂದೆ ಗೋಡೆಗೆ ಆನಿಸಿ ಹಾಕಿದ ಬೆಂಚಿನ ಮೇಲೆ ಬುಡನ್ ಸಾಬ್ ಮತ್ತು ಒಂದಿಷ್ಟು ಮೀನುಗಾರರು. ಅವರ ಮಾತು ಮೊದಲೇ ಮುಗಿದಿತ್ತು. ಬಾಯಿಮಾತಿಗೆ ಆಧಾರ ಬೇಕು ಎಂದು ಸಮಿತಿಯವರು ಬರೆದುಕೊಂಡು ಬದಿಗಿಟ್ಟಿದ್ದರು.

ಹಾಲೇಶಪ್ಪ ಕೆಂಪು ನೀರಿನ ಬಾಟಲಿ ಮೇಜಿನ ಮೇಲಿಟ್ಟು, ಕಂಡದ್ದನ್ನು ಹೇಳಿದ. ತಜ್ಞರು ಕೊನೆಯವರೆಗೂ ತಲೆದೂಗುತ್ತ ಕೇಳಿದರು.

"ಬಹಳ ಒಳ್ಳೆ ಕೆಲಸ ಸರ್. ಇಷ್ಟು ವರ್ಷದ ಡಾಟಾ ನಮ್ಮ ಯೂನಿವರ್ಸಿಟಿಗಳಲ್ಲೂ ಇಲ್ಲ. ಇದರ ಪ್ರಕಾರ, ಕಾರ್ಖಾನೆ ಬರೋ ಮುಂಚೆ ಸೋಮವಾರಗಳಲ್ಲಿ ಎಷ್ಟು ಪ್ಲವಕ ಇತ್ತೋ, ಬಂದ ಮೇಲೂ ಅಷ್ಟೇ ಇದೆ. ಸರಿ ತಾನೆ?"

"ಸರಿ. ಆದರೆ ಪ್ಲವಕ ವಾರ ಎರಡು ವಾರದಲ್ಲಿ ಮತ್ತೆ ಹುಟ್ಟುತ್ತೆ ಸರ್. ಮೀನಿಗೆ ಹಂಗಾಗಲ್ಲ. ವರ್ಷಕ್ಕೆ ಒಂದೇ ಸಲ ಮೊಟ್ಟೆ. ಅದೇ ವಾರ..."

"ಒಪ್ಪಿದೆ. ಆ ವಾರದ್ದು ಈ ಒಂದು ಬಾಟಲಿ. ಹೊಸ ನೀರು ಬಂದಾಗ, ಕಾರ್ಖಾನೆ ಇರಲಿ ಬಿಡಲಿ, ಮಣ್ಣಿಗೇ ಪ್ಲವಕ ಕಡಿಮೆ ಆಗುತ್ತಲ್ಲ? ನಾವಿಬ್ಬರೂ ಓದಿದ್ದೀವಿ."

"ಕಡಿಮೆ ಆಗುತ್ತೆ. ಇಷ್ಟು ಆಗಲ್ಲ."

"ಇಷ್ಟು ಆಗಲ್ಲ ಅನ್ನೋಕೆ, ಕಾರ್ಖಾನೆ ಇಲ್ಲದಾಗಿನ ಕೆಂಪು ನೀರಿನ ಒಂದು ಬಾಟಲಿ ಕೊಡಿ. ಪಕ್ಕಪಕ್ಕ ಇಟ್ಟು ನೋಡೋಣ. ನಾನೇ ಸಹಿ ಹಾಕ್ತೀನಿ."

"ಇಲ್ಲ," ಎಂದ ಹಾಲೇಶಪ್ಪ.

"ಒಂದು ವರ್ಷದ್ದೂ ಇಲ್ವಾ? ಪ್ರವಾಹ ಅಂತ ಬರೆದಿದ್ದೀರಿ. ವರ್ಷಾ ವರ್ಷ ಪ್ರವಾಹ ಬಂದಿತ್ತಾ?"

ಹೌದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಬುಡನ್ ಸಾಬ್ ಕೂತಿದ್ದ, ಮೊದಲೆಲ್ಲ ಹರಿಗೋಲು ಹಿಡಿದು ಕರೆದವನು.

"ಇಲ್ಲ ಸರ್. ಕೆಂಪು ನೀರನ್ನ ನಮ್ಮ ಮನೆಯಾಗೆ ಮುಟ್ಟಲ್ಲ. ಪದ್ಧತಿ."

ಯಾರೋ ಮೂಗಿನಲ್ಲಿ ನಕ್ಕರು. ತಜ್ಞರು ನಗಲಿಲ್ಲ. ಅವರು ಬಾಟಲಿಯನ್ನು ಎರಡು ಬೆರಳಿನಿಂದ ಹಾಲೇಶಪ್ಪನ ಕಡೆಗೆ ಸರಿಸಿದರು. "ಹಾಗಾದರೆ ಇದಕ್ಕೆ ಜೊತೆ ಇಲ್ಲ ಸರ್," ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ, ಇನ್ನೊಂದೇ ಸಲ ಸೇರುತ್ತೇವೆ, ಹಳೆಯದು ಏನಾದರೂ ಸಿಕ್ಕರೆ ತರಬಹುದು, ಇಲ್ಲದಿದ್ದರೆ ಇರುವುದರ ಮೇಲೆ ತೀರ್ಮಾನ ಎಂದು ಎದ್ದರು. ಇರುವುದು ಯಾರ ಕಡೆ ಇದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡು ದಿನ ಬಿಟ್ಟು ಬುಡನ್ ಸಾಬ್ ಕಾಲೇಜಿಗೇ ಬಂದ. ಒಗೆದ ಅಂಗಿ ಹಾಕಿಕೊಂಡು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು.

"ಚಪ್ಪಲಿ ಹಾಕ್ಕೊಂಡೇ ಬರ್ರಿ, ಬುಡನ್ ಸಾಬ್. ಕೂಡ್ರಿ."

ಅವನು ಕೂಡಲಿಲ್ಲ. ಕಪಾಟಿನ ಮುಂದೆ ಹೋಗಿ ನಿಂತ. ಈ ಬಾಟಲಿಗಳೆಲ್ಲ ತುಂಬಿದ್ದು ಅವನ ಹರಿಗೋಲಿನಲ್ಲೇ. ಅವನ್ನೆಲ್ಲ ಒಂದೇ ಕಡೆ ನೋಡಿದ್ದು ಇದೇ ಮೊದಲು. ಬೆರಳನ್ನು ಗಾಜಿಗೆ ತಾಗಿಸದೆ ಸಾಲಿನುದ್ದ ಸರಿಸುತ್ತ ಹೋಗಿ ಒಂದು ಖಾಲಿ ಜಾಗದ ಹತ್ತಿರ ನಿಲ್ಲಿಸಿದ.

"ಇದು ಯಾವ ವರ್ಷದ್ದು?"

"ಕಾರ್ಖಾನೆ ಬರೋಕಿಂತ ಮುಂಚಿನದು."

"ಇದರ ಪಕ್ಕದ ಬಾಟಲಿಯಾಗೆ ಹುಳ ಭರ್ತಿ ಅದಾವ?"

"ಅದಾವೆ."

"ಅದನ್ನ ಸರಿಸಿ ಇಲ್ಲಿ ಇಡ್ರಿ. ಒಂದ್ ಚಿಟಿಕೆ ಕೆಂಪು ಮಣ್ಣು ಹಾಕ್ರಿ, ಮಣ್ಣು ನಾ ತಂದುಕೊಡ್ತೀನಿ. ಮ್ಯಾಲೆ ಹೊಸ ಚೀಟಿ. ಆ ವರ್ಷ ಮನೆಯಾಗೆ ಹೇಳದೆ ಬಂದಿದ್ದೆ, ಅದು ಈಗ ಸಿಕ್ತು ಅನ್ರಿ. ಅಂಟು ಹಚ್ಚೋಕೂ ನಾನೇ ಬರ್ತೀನಿ ಬೇಕಾದ್ರೆ."

ಹಾಲೇಶಪ್ಪ ಖಾಲಿ ಜಾಗದ ಚೀಟಿಯ ಮೇಲೆ ಬೆರಳಿಟ್ಟ.

"ಯಾಕ್ರಿ? ನಾನೇನು ಇಲ್ಲದ್ದು ಹೇಳ್ತಿದೀನಾ? ಆವಾಗ ಕೆಂಪು ನೀರಾಗೆ ಜೀವ ಇತ್ತು. ನಾ ನೋಡೀನಿ. ಬಾಳೆಮೀನು ಸೇತುವೆ ಕಂಬಕ್ಕೆ ಎಗರಿ ಎಗರಿ ಬೀಳ್ತಿದ್ವು. ನೀರೊಳಗೆ ಕೈ ಇಟ್ಟರೆ ಮರಿಗಳು ಬೆರಳು ಕಚ್ಚತಿದ್ವು. ಅಲ್ಲಾನ ಆಣೆ. ನನ್ನ ಕಣ್ಣು ಸುಳ್ಳೇನ್ರಿ?"

"ನಿಮ್ಮ ಕಣ್ಣು ಸುಳ್ಳಲ್ಲ."

"ಮತ್ತೆ?"

"ನಾನು ನೋಡಿಲ್ಲ. ಬಾಟಲಿ ನೋಡಿಲ್ಲ."

"ಓಹೋ. ನೋಡಬ್ಯಾಡ ಅಂದೋರು ಯಾರು? ನಾನಾ?" ಅವನ ದನಿ ಏರಿ, ಬೇರೆಯವರ ಜಾಗವೆಂದು ನೆನಪಾಗಿ ಮತ್ತೆ ಇಳಿಯಿತು. "ಕಾರ್ಖಾನೆಯೋರು ವರ್ಷವೆಲ್ಲ ಸುಳ್ಳು ಹೇಳಿ ನೆಟ್ಟಗೆ ಕೂಡ್ತಾರೆ. ನಿಮಗೆ ಒಂದ್ ಚೀಟಿ ಭಾರ ಆತು."

ಹಾಲೇಶಪ್ಪ ಆ ಪಕ್ಕದ ಬಾಟಲಿಯನ್ನು ಕೈಗೆ ತೆಗೆದುಕೊಂಡ. ತಳದಲ್ಲಿ ನುಣ್ಣಗೆ ಕೂತಿದ್ದ ಜೀವಗಳು ಒಮ್ಮೆ ಎದ್ದು ಮತ್ತೆ ಕೂತವು. ಎಷ್ಟು ಸುಲಭ! ಚೀಟಿ ಒದ್ದೆ ಮಾಡಿದರೆ ಕಿತ್ತು ಬರುತ್ತದೆ. ತಜ್ಞರಿಗೂ ಗೊತ್ತಾಗುವುದಿಲ್ಲ. ಮುದುಕ ವಿಜ್ಞಾನಿಯೂ ಬದುಕಿಲ್ಲ. ಹೊಳೆ ಉಳಿದೀತು. ಆದರೆ ಈ ಒಂದರ ಹೆಸರು ಬದಲಾದ ದಿನ, ಮಿಕ್ಕ ನೂರಾರು ಬಾಟಲಿಗಳ ಚೀಟಿಯನ್ನು ನಾಳೆ ಅವನೇ ನಂಬುವುದು ಹೇಗೆ? ಹೊಳೆಯ ಬಗ್ಗೆ ಸತ್ಯ ಹೇಳುವುದು ಊರಲ್ಲಿ ಈ ಸಾಲೊಂದೇ ಉಳಿದಿತ್ತು. ಅದೂ ಅರೆಗುರುಡು, ಆ ಕಣ್ಣು ಕಟ್ಟಿದವನು ಅವನೇ. ಕುರುಡರ ಬಾಯಲ್ಲಿ ಕಂಡೆ ಎಂದು ಹೇಳಿಸುವುದು ಅವನಿಂದಾಗಲಿಲ್ಲ.

ಬಾಟಲಿಯನ್ನು ಮೊದಲಿದ್ದ ಜಾಗಕ್ಕೇ ಇಟ್ಟ.

"ಆಗಲ್ಲ, ಬುಡನ್ ಸಾಬ್. ಪ್ರವಾಹ ಅಂತ ಬರೆದದ್ದೇ ಒಂದು ಸುಳ್ಳು. ಅದಕ್ಕೇ ಇಷ್ಟಾತು. ಅದರ ಮೇಲೆ ಇನ್ನೊಂದು ಹಚ್ಚಲಾರೆ."

ಬುಡನ್ ಸಾಬ್ ನಕ್ಕ. ಅಂಥ ನಗುವನ್ನು ಹಾಲೇಶಪ್ಪ ಅವನ ಮುಖದಲ್ಲಿ ಹಿಂದೆ ಕಂಡಿರಲಿಲ್ಲ. "ನಾ ಬರ್ತೀನಿ ಮೇಷ್ಟ್ರೆ," ಎಂದು ಬಾಗಿಲಿಗೆ ಹೋಗಿ ಚಪ್ಪಲಿಯಲ್ಲಿ ಕಾಲು ತೂರಿಸಿದ.

"ನಿಲ್ರಿ," ಎಂದು ಹಾಲೇಶಪ್ಪ ಹಿಂದೆಯೇ ಬಂದ. "ಈ ಸಲ ಸೋತ್ವಿ. ಮುಂದಿನ ವರ್ಷದಿಂದ ಕೆಂಪು ನೀರು ಒಂದು ದಿನನೂ ಬಿಡೋದು ಬ್ಯಾಡ. ದಿನಾ ಬಲೆ ಎಳೆಯೋಣ. ಕಾರ್ಖಾನೆಗಿಂತ ಮೇಲೊಂದು ಜಾಗ, ಕೆಳಗೊಂದು ಜಾಗ. ನಾಕೈದು ವರ್ಷದಾಗೆ ಸಾಲು ಆಗುತ್ತೆ. ಆವಾಗ ಯಾರೂ ಬಾಯಿ ತೆಗೆಯೋಹಂಗಿಲ್ಲ."

"ನಾಕೈದು ವರ್ಷ," ಎಂದ ಬುಡನ್ ಸಾಬ್. "ಮೊಟ್ಟೆ ಇಡೋ ಮೀನು ವರ್ಷಾ ವರ್ಷ ಸತ್ತರೆ ಆವಾಗ ಹೊಳಿಯಾಗೆ ಏನಿರ್ತತೆ?"

"ನಿಮ್ಮ ಹೊರತು ಆ ನೀರಾಗೆ ಹರಿಗೋಲು ಹಾಕೋರು ಯಾರೂ ಇಲ್ಲ. ಕೈ ಮುಗೀತೀನಿ. ನನ್ನ ಕರ್ಕೊಂಡು ಹೋಗ್ರಿ."

ನಿಜವಾಗಿಯೂ ಕೈ ಮುಗಿದಿದ್ದ. ಬುಡನ್ ಸಾಬ್ ಆ ಕೈಗಳನ್ನು ನೋಡಿದ, ಅವುಗಳ ಹಿಂದಿನ ಕಪಾಟುಗಳನ್ನು ನೋಡಿದ, ಹಳೆಯ ಸಾಲುಗಳ ಖಾಲಿ ಜಾಗಗಳನ್ನೂ ನೋಡಿದ.

"ಇಲ್ಲ ಮೇಷ್ಟ್ರೆ," ಎಂದ. "ನಾನು ಬರಲ್ಲ."